ಹೆಚ್ಚಿನ ಬಡ್ಡಿ ನಿಮ್ಮ ಓಡಿ ಖಾತೆಯಲ್ಲೇ ಇದೆ

ಪ್ರಶ್ನೆ: ನಮ್ಮದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಯಜಮಾನರ ಕರೆಂಟ್ ಅಕೌಂಟಿನಲ್ಲಿ ಯಾವಾಗ ನೋಡಿದರೂ ಎರಡು-ಮೂರು ಲಕ್ಷ ಇರುತ್ತದೆ. ಅದಕ್ಕೆ ಒಂದು ಪೈಸೆ ಬಡ್ಡಿ ಇಲ್ಲ. ನನ್ನ ಎಸ್‌ಬಿ ಖಾತೆಯಲ್ಲಿ ₹7 ಲಕ್ಷ ಇದೆ. ತವರಿನ ಆಸ್ತಿ ಪಾಲಾದಾಗ ಬಂದ ಹಣ, ಮುಂದಿನ ವರ್ಷ ಮಗಳ ಮದುವೆಗೆಂದು ಇಟ್ಟಿದ್ದೇನೆ. ಮೂರು ತಿಂಗಳಿಗೆ ನಾಲ್ಕು ಸಾವಿರ ಚಿಲ್ಲರೆ ಬಡ್ಡಿ ಬರುತ್ತಿದೆ. ನಾದಿನಿಯ ಮಗ ಬೆಂಗಳೂರಿನಲ್ಲಿದ್ದಾನೆ, ಯಾವುದೋ ಸಣ್ಣ ಬ್ಯಾಂಕಿನ ಆ್ಯಪ್ ತೋರಿಸಿ ಎಸ್‌ಬಿ ಖಾತೆಗೇ ಶೇ 7 ಕೊಡುತ್ತಾರೆ ಅನ್ನುತ್ತಾನೆ. ನಮ್ಮ ಬೀದಿಯ ಸೌಹಾರ್ದದವರು ಶೇ 10 ಅನ್ನುತ್ತಾರೆ. ಅಂಗಡಿ ಹಣವನ್ನೂ ನನ್ನ ಎಸ್‌ಬಿ ಖಾತೆಗೆ ಹಾಕಿಕೊಂಡರೆ ಹೇಗೆ ಎಂಬ ಯೋಚನೆಯೂ ಇದೆ. ಯಜಮಾನರು ಮಾತ್ರ, 'ಬ್ಯಾಂಕ್ ಬದಲಾಯಿಸೋದೆಲ್ಲ ಬೇಡ, ಅಂಗಡಿಯ ಐದು ಲಕ್ಷದ ಓಡಿ ಅಲ್ಲೇ ಇದೆ, ನಾಲ್ಕು ಲಕ್ಷ ತೆಗೆದಿದ್ದೀವಿ, ಶೇ 11 ಬಡ್ಡಿ ತಪ್ಪದೆ ಕಟ್ತಿದ್ದೀವಿ, ಈಗ ಮ್ಯಾನೇಜರ್ ಬೇಜಾರು ಮಾಡ್ಕೊಂಡ್ರೆ ಕಷ್ಟ' ಅನ್ನುತ್ತಾರೆ. ಎಲ್ಲಿ ಇಟ್ಟರೆ ಹೆಚ್ಚು ಬಡ್ಡಿ ಸಿಗುತ್ತದೆ?
– ಹೆಸರು ಬೇಡ, ತಿಪಟೂರು

ಉತ್ತರ: ಯಜಮಾನರ ಮಾತೆಂದು ನೀವು ಕೊನೆಯಲ್ಲಿ ಬರೆದಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡೋಣ. ಕರೆಂಟ್ ಅಕೌಂಟಿನಲ್ಲಿ ಕಡಿಮೆಯೆಂದರೂ ಎರಡು ಲಕ್ಷ ಬಡ್ಡಿಯಿಲ್ಲದೆ ಬಿದ್ದಿದೆ. ಅದೇ ಅಂಗಡಿಗೆ ಅದೇ ಬ್ಯಾಂಕಿನಲ್ಲಿ ನಾಲ್ಕು ಲಕ್ಷ ಸಾಲವೂ ಇದೆ, ಶೇ 11ರ ಬಡ್ಡಿಗೆ. ನಿಮ್ಮದೇ ಎರಡು ಲಕ್ಷವನ್ನು ಬ್ಯಾಂಕಿಗೆ ಪುಕ್ಕಟೆ ಕೊಟ್ಟು, ಅಷ್ಟನ್ನೇ ಬಡ್ಡಿಗೆ ವಾಪಸ್ ತಂದುಕೊಂಡಿದ್ದೀರಿ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಅನ್ನುತ್ತಾರಲ್ಲ, ಹಾಗಾಗಿದೆ.

ಓಡಿಯಲ್ಲಿ, ಅಂದರೆ ಓವರ್‌ಡ್ರಾಫ್ಟ್‌ನಲ್ಲಿ, ಬ್ಯಾಂಕು ಮಂಜೂರು ಮಾಡಿದ ಐದು ಲಕ್ಷಕ್ಕೆ ಬಡ್ಡಿ ಹಾಕುವುದಿಲ್ಲ. ಪ್ರತಿ ದಿನದ ಕೊನೆಗೆ ನೀವು ಎಷ್ಟು ತೆಗೆದಿದ್ದೀರೋ ಅಷ್ಟಕ್ಕೆ ಮಾತ್ರ ಲೆಕ್ಕ ಹಾಕಿ, ತಿಂಗಳಿಗೊಮ್ಮೆ ಖಾತೆಗೆ ಖರ್ಚು ಬರೆಯುತ್ತದೆ. ಕರೆಂಟ್ ಅಕೌಂಟಿನ ಎರಡು ಲಕ್ಷವನ್ನು ಇವತ್ತು ಓಡಿಗೆ ಕಟ್ಟಿದರೆ ನಾಳೆಯಿಂದಲೇ ಎರಡು ಲಕ್ಷದ ಮೇಲಿನ ಬಡ್ಡಿ ನಿಲ್ಲುತ್ತದೆ. ವರ್ಷಕ್ಕೆ ₹22,000. ಸಗಟು ವ್ಯಾಪಾರಿಗೆ ಕೊಡಬೇಕಾಗಿ ಬಂದರೆ ಮಿತಿಯೊಳಗೆ ಮತ್ತೆ ತೆಗೆಯಬಹುದು. ಓಡಿ ಬಡ್ಡಿಯನ್ನು ವ್ಯಾಪಾರದ ಖರ್ಚೆಂದು ತೆರಿಗೆ ಲೆಕ್ಕದಲ್ಲಿ ತೋರಿಸುತ್ತಿದ್ದರೆ ಆ ಖರ್ಚು ಅಷ್ಟು ಕಡಿಮೆಯಾಗುತ್ತದೆ, ನಿಜ. ಆದರೆ ಸ್ವಲ್ಪ ತೆರಿಗೆ ಉಳಿಯಲಿ ಎಂದು ಇಡೀ ಬಡ್ಡಿಯನ್ನು ಕಟ್ಟುವುದು ಲಾಭದ ಮಾತಲ್ಲ. ಅಂಗಡಿಯ ಕ್ಯೂಆರ್‌ಗೆ ಬರುವ ಹಣ ನೇರವಾಗಿ ಓಡಿ ಖಾತೆಗೇ ಜಮಾ ಆಗುವಂತೆ ಮಾಡಲು ಸಾಧ್ಯವೇ ಎಂದು ಬ್ಯಾಂಕಿನಲ್ಲಿ ವಿಚಾರಿಸಿ. ಸಾಧ್ಯವಾದರೆ ದಿನದ ವ್ಯಾಪಾರವೆಲ್ಲ ಸಂಜೆಗೆ ಸಾಲ ತಗ್ಗಿಸಿರುತ್ತದೆ. ಆಗದಿದ್ದರೆ ವಾರಕ್ಕೆರಡು ಸಲ ನೀವೇ ವರ್ಗಾಯಿಸಿಕೊಳ್ಳಿ.

ಕರೆಂಟ್ ಅಕೌಂಟಿಗೆ ಬಡ್ಡಿ ಕೊಡದಿರುವುದು ನಿಮ್ಮ ಬ್ಯಾಂಕಿನ ಜಿಪುಣತನವಲ್ಲ, ರಿಸರ್ವ್ ಬ್ಯಾಂಕಿನ ನಿಯಮ. ಯಾವ ಬ್ಯಾಂಕೂ ಕೊಡುವಂತಿಲ್ಲ. ಖಾತೆದಾರರು ತೀರಿಕೊಂಡರೆ, ಆ ದಿನದಿಂದ ವಾರಸುದಾರರಿಗೆ ಹಣ ಕೊಡುವವರೆಗೆ ಉಳಿತಾಯ ಖಾತೆಯ ದರದಲ್ಲಿ ಕೊಡಬೇಕೆಂಬ ವಿನಾಯಿತಿ ಒಂದಿದೆ. ಓಡಿ ಪೂರ್ತಿ ತೀರಿದ ಮೇಲೂ ಕರೆಂಟ್ ಅಕೌಂಟಿನಲ್ಲಿ ಹಣ ಮಿಗುವ ಕಾಲ ಬಂದರೆ, ಇಂತಿಷ್ಟಕ್ಕಿಂತ ಹೆಚ್ಚಾದದ್ದು ತಾನಾಗಿ ಎಫ್‌ಡಿಗೆ ಹೋಗುವ ಸ್ವೀಪ್ ಸೌಲಭ್ಯ ಕರೆಂಟ್ ಅಕೌಂಟಿಗೂ ಇದೆಯೇ ಎಂದು ಕೇಳಿ, ಹಲವು ಬ್ಯಾಂಕುಗಳಲ್ಲಿದೆ. ಹಣ ಕನಿಷ್ಠ 7 ದಿನ ಕೂತರೆ ಮಾತ್ರ ಅದಕ್ಕೆ ಬಡ್ಡಿ ಹುಟ್ಟುತ್ತದೆ.

ಅಂಗಡಿ ಹಣವನ್ನು ನಿಮ್ಮ ಎಸ್‌ಬಿ ಖಾತೆಗೆ ಹಾಕಿಕೊಳ್ಳುವ ಯೋಚನೆಯನ್ನು ಇಲ್ಲಿಗೇ ಬಿಡಿ. ವ್ಯಾಪಾರ ಸಂಸ್ಥೆಯ ಹೆಸರಿನಲ್ಲಿ ಉಳಿತಾಯ ಖಾತೆ ತೆರೆಯುವಂತೆಯೇ ಇಲ್ಲ, ವೈಯಕ್ತಿಕ ಖಾತೆಯಲ್ಲಿ ವ್ಯಾಪಾರ ನಡೆಸಿದರೆ ಬ್ಯಾಂಕು ಆಕ್ಷೇಪಿಸಬಹುದು. ಜೊತೆಗೆ, ಎಸ್‌ಬಿ ಖಾತೆಗೆ ಒಂದು ವರ್ಷದಲ್ಲಿ ₹10 ಲಕ್ಷ ನಗದು ಕಟ್ಟಿದರೆ ಬ್ಯಾಂಕು ಆದಾಯ ತೆರಿಗೆ ಇಲಾಖೆಗೆ ವರದಿ ಕಳಿಸುತ್ತದೆ. ಕರೆಂಟ್ ಅಕೌಂಟಿಗೆ ಆ ಮಿತಿ ₹50 ಲಕ್ಷ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮಾ ನೋಡಿ ಬೇಕರಿ, ಕಾಂಡಿಮೆಂಟ್ಸ್‌ನವರಿಗೆಲ್ಲ ನೋಟಿಸ್ ಕೊಟ್ಟದ್ದು ನಿಮಗೆ ನೆನಪಿರಬೇಕು. ಮನೆ ಹಣವೂ ಅಂಗಡಿ ಹಣವೂ ಒಂದೇ ಖಾತೆಯಲ್ಲಿ ಕಲೆತಿದ್ದರೆ ಯಾವುದು ಯಾವುದೆಂದು ಬಿಡಿಸಿ ತೋರಿಸುವ ಹೊಣೆ ನಿಮ್ಮ ಮೇಲೆ ಬೀಳುತ್ತದೆ.

ಇನ್ನು ನಿಮ್ಮ ಏಳು ಲಕ್ಷ. ಎಸ್‌ಬಿ ಖಾತೆಯ ಬಡ್ಡಿಯನ್ನು ಹಿಂದೆ ರಿಸರ್ವ್ ಬ್ಯಾಂಕೇ ಗೊತ್ತುಮಾಡುತ್ತಿತ್ತು. 2011ರ ಅಕ್ಟೋಬರ್‌ನಲ್ಲಿ ಅದನ್ನು ಬ್ಯಾಂಕುಗಳ ಇಷ್ಟಕ್ಕೆ ಬಿಟ್ಟಿತು. ಆಗ ಇದ್ದದ್ದು ಶೇ 4. ಪೈಪೋಟಿಯಿಂದ ದರ ಏರಬಹುದೆಂದು ಜನ ನಂಬಿದ್ದರು. ಕೆಲವು ಬ್ಯಾಂಕುಗಳು ಏರಿಸಿದವು ಕೂಡ. ದೊಡ್ಡ ಬ್ಯಾಂಕುಗಳು ಮಾತ್ರ ಇಳಿಸುತ್ತಲೇ ಬಂದು, 2025ರ ಜೂನ್‌ನಲ್ಲಿ ಸ್ಟೇಟ್ ಬ್ಯಾಂಕ್, ಎಚ್‌ಡಿಎಫ್‌ಸಿ, ಐಸಿಐಸಿಐ ಮೂರೂ ಶೇ 2.5ಕ್ಕೆ ಬಂದು ನಿಂತವು. ನಿಮಗೆ ಮೂರು ತಿಂಗಳಿಗೆ ಬರುವ ನಾಲ್ಕು ಸಾವಿರ ಚಿಲ್ಲರೆಯೂ ಇದೇ ದರದ ಲೆಕ್ಕ. ಸಂಬಳ, ಪಿಂಚಣಿ, ವ್ಯವಹಾರ ಎಲ್ಲ ಒಂದೇ ಕಡೆ ಇರುವ ಗಿರಾಕಿ ಅರ್ಧ ಪರ್ಸೆಂಟಿಗಾಗಿ ಎದ್ದು ಹೋಗುವುದಿಲ್ಲ ಎಂಬುದು ದೊಡ್ಡ ಬ್ಯಾಂಕುಗಳಿಗೆ ಚೆನ್ನಾಗಿ ಗೊತ್ತು. ಹಾಗಾಗಿ ಎಸ್‌ಬಿ ಖಾತೆಯನ್ನು ಹಣ ಬಂದುಹೋಗುವ ಜಾಗ ಎಂದಷ್ಟೇ ನೋಡಿ. ಏಳು ಲಕ್ಷ ವರ್ಷಗಟ್ಟಲೆ ಅಲ್ಲಿ ಕೂರಬಾರದು.

ಮದುವೆಯ ಖರ್ಚು ಒಂದೇ ದಿನ ಬರುವುದಿಲ್ಲ. ಮೊದಲು ಕಲ್ಯಾಣ ಮಂಟಪದ ಮುಂಗಡ, ಆಮೇಲೆ ಚಿನ್ನ, ಜವಳಿ, ಕೊನೆಗೆ ಅಡುಗೆಯವರ ಬಾಕಿ. ಒಂದು ಹಾಳೆಯಲ್ಲಿ ಯಾವ ತಿಂಗಳಿಗೆ ಎಷ್ಟು ಬೇಕೆಂದು ಬರೆದುಕೊಳ್ಳಿ. ಒಂದು ಲಕ್ಷವನ್ನು ಎಸ್‌ಬಿ ಖಾತೆಯಲ್ಲೇ ಬಿಟ್ಟು, ಉಳಿದ ಆರು ಲಕ್ಷವನ್ನು ಆ ತಿಂಗಳುಗಳಿಗೆ ಹೊಂದುವಂತೆ ಮೂರು-ನಾಲ್ಕು ಎಫ್‌ಡಿಗಳಾಗಿ ಒಡೆದು ಹಾಕಿ. ಆರು ಲಕ್ಷಕ್ಕೆ ಒಂದೇ ಎಫ್‌ಡಿ ಬೇಡ. ಮಂಟಪದವರಿಗೆ ಐವತ್ತು ಸಾವಿರ ಕೊಡಲು ಅದನ್ನೇ ಒಡೆಯಬೇಕಾಗಿ ಬಂದರೆ, ಹಣ ನಿಜವಾಗಿ ಕೂತ ಅವಧಿಯ ದರವನ್ನಷ್ಟೇ ಕೊಟ್ಟು, ಅದರಲ್ಲೂ ಸಾಮಾನ್ಯವಾಗಿ ಅರ್ಧದಿಂದ ಒಂದು ಪರ್ಸೆಂಟ್ ದಂಡ ಹಿಡಿಯುತ್ತಾರೆ.

ತಾರೀಕು ಗೊತ್ತಿಲ್ಲದ ಖರ್ಚಿಗೆ ಆಟೋ ಸ್ವೀಪ್ ಒಳ್ಳೆಯದು. ನೀವು ಹೇಳಿದ ಮೊತ್ತ ಮೀರಿದ ಹಣ ತಾನಾಗಿ ಎಫ್‌ಡಿಯಾಗುತ್ತದೆ, ಚೆಕ್ ಬಂದರೆ ತಾನಾಗಿ ಒಡೆಯುತ್ತದೆ. ಒಪ್ಪುವ ಮೊದಲು ಎರಡು ವಿಷಯ ಕೇಳಿ. ಹತ್ತು ಸಾವಿರ ಬೇಕಾದಾಗ ಹತ್ತೇ ಸಾವಿರ ಒಡೆಯುತ್ತದೆಯೋ, ಇಡೀ ಎಫ್‌ಡಿಯೋ? ಹಲವು ಇದ್ದರೆ ಮೊದಲು ಒಡೆಯುವುದು ಹಳೆಯದೋ, ಹೊಸದೋ? ಹೊಸದು ಒಡೆದರೆ ನಷ್ಟ ಕಡಿಮೆ, ಏಕೆಂದರೆ ಹಳೆಯದು ಆಗಲೇ ಸಾಕಷ್ಟು ದಿನ ಬಡ್ಡಿ ಗಳಿಸಿರುತ್ತದೆ.

ಅಂಚೆ ಕಚೇರಿಯ ಉಳಿತಾಯ ಖಾತೆಯನ್ನೂ ಮರೆಯಬೇಡಿ. ಅಲ್ಲಿ ಈಗಲೂ ಶೇ 4, ಸರ್ಕಾರದ್ದೇ ಭರವಸೆ. ಆದರೆ ಬ್ಯಾಂಕುಗಳು 2010ರ ಏಪ್ರಿಲ್‌ನಿಂದ ದಿನದ ಬಾಕಿಯ ಮೇಲೆ ಬಡ್ಡಿ ಲೆಕ್ಕ ಹಾಕಿದರೆ, ಅಂಚೆಯವರು ತಿಂಗಳ 10ನೇ ತಾರೀಕಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತಕ್ಕೆ ಮಾತ್ರ ಹಾಕುತ್ತಾರೆ. 12ನೇ ತಾರೀಕು ಕಟ್ಟಿದ ಹಣಕ್ಕೆ ಆ ತಿಂಗಳ ಬಡ್ಡಿ ಇಲ್ಲ, 28ಕ್ಕೆ ತೆಗೆದ ಹಣಕ್ಕೂ ಇಲ್ಲ.

ನಾದಿನಿಯ ಮಗ ಹೇಳಿದ್ದು ಸುಳ್ಳಲ್ಲ, ಅರ್ಧ ಮಾತು. ಸ್ಮಾಲ್ ಫೈನಾನ್ಸ್ ಬ್ಯಾಂಕುಗಳು ಜಾಹೀರಾತಿನಲ್ಲಿ ಹೇಳುವ ಶೇ 7 ಸಾಮಾನ್ಯವಾಗಿ ಮೇಲಿನ ಹಂತದ ಹಣಕ್ಕೆ. ಒಂದು ಲಕ್ಷದವರೆಗೆ ಒಂದೇ ದರ, ಅದರಾಚೆ ಹಂತಕ್ಕೊಂದು ದರ ಇಡಲು ನಿಯಮ ಅವಕಾಶ ಕೊಡುತ್ತದೆ. ಒಂದು ಲಕ್ಷದವರೆಗೆ ಶೇ 3, ಐದು ಲಕ್ಷದವರೆಗೆ ಶೇ 5, ಅದರ ಮೇಲೆ ಶೇ 7 ಎಂದು ಇಟ್ಟುಕೊಳ್ಳೋಣ. ನೀವು ಮೂರು ಲಕ್ಷ ಇಟ್ಟರೆ ಮೊದಲ ಲಕ್ಷಕ್ಕೆ ₹3,000, ಉಳಿದೆರಡಕ್ಕೆ ₹10,000, ಒಟ್ಟು ₹13,000. ಶೇ 7 ಅಂದುಕೊಂಡದ್ದು ಶೇ 4.3ರಷ್ಟಾಯಿತು. ಆದ್ದರಿಂದ ದರ ಎಷ್ಟು ಎಂದು ಕೇಳಬೇಡಿ, ನನ್ನ ಮೂರು ಲಕ್ಷಕ್ಕೆ ವರ್ಷಕ್ಕೆ ಎಷ್ಟು ರೂಪಾಯಿ ಬರುತ್ತದೆ ಎಂದು ಕೇಳಿ. ಕನಿಷ್ಠ ಬಾಕಿ ಎಷ್ಟಿರಬೇಕು, ಇಲ್ಲದಿದ್ದರೆ ದಂಡವೆಷ್ಟು ಎಂದೂ ಕೇಳಿ.

ಈ ಬ್ಯಾಂಕುಗಳಿಗೂ ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇದೆ, ಠೇವಣಿ ವಿಮೆಯೂ ಇದೆ. ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ, ಎಸ್‌ಬಿ, ಎಫ್‌ಡಿ, ಎಲ್ಲ ಶಾಖೆಗಳದ್ದೂ ಸೇರಿ, ಅಸಲು ಬಡ್ಡಿ ಕೂಡಿ ₹5 ಲಕ್ಷದವರೆಗೆ. ಹೋಗುವುದಾದರೆ ಬಡ್ಡಿ ಸೇರಿದರೂ ಐದು ಲಕ್ಷ ದಾಟದಂತೆ ನಾಲ್ಕೂವರೆ ಲಕ್ಷಕ್ಕೆ ನಿಲ್ಲಿಸಿ.

ಬೀದಿಯ ಸೌಹಾರ್ದದ ವಿಷಯ ಬೇರೆ. ಹೆಸರಿನಲ್ಲಿ ಏನೇ ಇರಲಿ, ಕೌಂಟರ್ ಎಷ್ಟೇ ಬ್ಯಾಂಕಿನ ಹಾಗೆ ಕಾಣಲಿ, ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇಲ್ಲದ ಸೌಹಾರ್ದ ಸಹಕಾರಿಗಳಿಗೆ, ಪತ್ತಿನ ಸಹಕಾರ ಸಂಘಗಳಿಗೆ ಈ ವಿಮೆ ಇಲ್ಲ. ಮುಳುಗಿದರೆ ಐದು ಲಕ್ಷವಲ್ಲ, ಐದು ರೂಪಾಯಿಗೂ ಖಾತರಿ ಕೊಡುವವರಿಲ್ಲ. ವಿಮೆಯಿರುವ ಕಡೆಯೂ ಹಣ ಬೇಕಾದ ದಿನ ಕೈಗೆ ಸಿಗುವ ಭರವಸೆಯಿಲ್ಲ. ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕು ಲೈಸೆನ್ಸ್ ಇದ್ದ ಬ್ಯಾಂಕೇ. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಅದರ ಮೇಲೆ ನಿರ್ಬಂಧ ಹಾಕಿದಾಗ ಠೇವಣಿದಾರರು ತೆಗೆಯಬಹುದಾಗಿದ್ದದ್ದು ₹35,000. ಮದುವೆಗೆಂದು ಎತ್ತಿಟ್ಟ ಹಣಕ್ಕೆ ಆ ಅಪಾಯ ಯಾಕೆ? ಆ ಸಂಘದಲ್ಲಿ ಬೇರೆ ಹಣ ಇಡಬೇಕೆನಿಸಿದರೂ ಅದು ಹೋದರೆ ಹೋಗಲಿ ಎನ್ನುವಷ್ಟಿರಲಿ.

ಲೆಕ್ಕ ಬಲ್ಲವರು ಯಾರಾದರೂ ನಿಮಗೆ ಇನ್ನೊಂದು ಮಾತು ಹೇಳಬಹುದು. ಓಡಿಯಲ್ಲಿ ಉಳಿಯುವ ಎರಡು ಲಕ್ಷವನ್ನೂ ನಿಮ್ಮ ಹಣದಿಂದಲೇ ತೀರಿಸಿ, ಮದುವೆ ಹೊತ್ತಿಗೆ ಓಡಿಯಿಂದ ತೆಗೆದುಕೊಳ್ಳಿ ಎಂದು. ಎಫ್‌ಡಿಗಿಂತ ಅದರಲ್ಲಿ ಉಳಿತಾಯ ಹೆಚ್ಚೇ. ಆದರೂ ನಾನು ಬೇಡ ಅನ್ನುತ್ತೇನೆ. ಓಡಿಯನ್ನು ವರ್ಷಕ್ಕೊಮ್ಮೆ ನವೀಕರಿಸುತ್ತಾರೆ, ಆಗ ಬ್ಯಾಂಕು ಮಿತಿ ಇಳಿಸಿದರೆ ನಿಮ್ಮ ಹಣ ಸಾಲಕ್ಕೆ ಹೋಯಿತು, ಮದುವೆಗೆ ಬರಲಿಲ್ಲ. ತವರಿನಿಂದ ಬಂದ ಹಣ ಒಮ್ಮೆ ಅಂಗಡಿಯ ಲೆಕ್ಕಕ್ಕೆ ಸೇರಿದರೆ ಅದನ್ನು ಮರಳಿ ಕೇಳುವುದು ಎಷ್ಟು ಅನ್ಯೋನ್ಯವಾಗಿದ್ದ ಮನೆಯಲ್ಲೂ ಸಲೀಸಲ್ಲ. ಅಂಗಡಿಯ ಹಣ ಅಂಗಡಿಯ ಸಾಲಕ್ಕೆ ಹೋಗಲಿ, ನಿಮ್ಮದು ನಿಮ್ಮ ಹೆಸರಿನಲ್ಲೇ ಇರಲಿ.

ತೆರಿಗೆಯ ಬಗ್ಗೆ ಚುಟುಕಾಗಿ. ಎಸ್‌ಬಿ ಬಡ್ಡಿಗೆ ಬ್ಯಾಂಕು ಟಿಡಿಎಸ್ ಹಿಡಿಯುವುದಿಲ್ಲ, ಆದರೆ ಅದೂ ಆದಾಯವೇ. ಹಳೆಯ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ ₹10,000ದವರೆಗಿನ ಎಸ್‌ಬಿ ಬಡ್ಡಿಗೆ ವಿನಾಯಿತಿ ಇದೆ, ಹೊಸದರಲ್ಲಿ ಇಲ್ಲ. ಎಫ್‌ಡಿ ಬಡ್ಡಿ ಒಂದು ಬ್ಯಾಂಕಿನಲ್ಲಿ ವರ್ಷಕ್ಕೆ ₹50,000 ದಾಟಿದರೆ ಟಿಡಿಎಸ್ ಹಿಡಿಯುತ್ತಾರೆ. ನಿಮ್ಮ ಮೊತ್ತಕ್ಕೆ ಅಲ್ಲಿಯವರೆಗೆ ಹೋಗುವುದಿಲ್ಲ.

ಈಗ ಕೂಡಿ ನೋಡೋಣ. ಓಡಿಯಲ್ಲಿ ಉಳಿಯುವುದು ವರ್ಷಕ್ಕೆ ₹22,000. ನಿಮ್ಮ ಏಳು ಲಕ್ಷಕ್ಕೆ ಈಗ ಬರುತ್ತಿರುವುದು ₹17,500. ಆರು ಲಕ್ಷದ ಎಫ್‌ಡಿಗಳಿಗೆ ಸರಾಸರಿ ಶೇ 5.5 ಹಿಡಿದರೂ ₹33,000, ಎಸ್‌ಬಿಯ ಒಂದು ಲಕ್ಷಕ್ಕೆ ₹2,500, ಒಟ್ಟು ₹35,500. ಅಂದರೆ ₹18,000 ಹೆಚ್ಚು. ಎರಡೂ ಸೇರಿ ಮನೆಗೆ ವರ್ಷಕ್ಕೆ ₹40,000. ಮದುವೆಗೆ ನಡುನಡುವೆ ತೆಗೆದಂತೆ ಇದು ಸ್ವಲ್ಪ ತಗ್ಗುತ್ತದೆ, ಅಷ್ಟೇ. ಇಷ್ಟಕ್ಕೆ ಬ್ಯಾಂಕ್ ಬದಲಾಯಿಸುವ ಅಗತ್ಯವೇ ಇಲ್ಲವೆಂದು ಯಜಮಾನರಿಗೆ ಹೇಳಿ. ಮ್ಯಾನೇಜರಿಗೆ ಆರು ಲಕ್ಷ ಠೇವಣಿ ಸಿಗುತ್ತದೆ, ಬೇಜಾರಾಗಲು ಕಾರಣವಿಲ್ಲ. ಒಂದೇ ಬ್ಯಾಂಕಿನಲ್ಲಿ ವಿಮೆಯ ಐದು ಲಕ್ಷ ಮೀರುತ್ತದಲ್ಲ ಎಂದು ಮನಸ್ಸಿಗೆ ಅಳುಕಿದ್ದರೆ ಎರಡೂವರೆ ಲಕ್ಷದ ಎಫ್‌ಡಿಯನ್ನು ಇನ್ನೊಂದು ದೊಡ್ಡ ಬ್ಯಾಂಕಿನಲ್ಲಿ ಮಾಡಿ.

ಇದರ ಮೇಲೆ ಸಣ್ಣ ಬ್ಯಾಂಕಿನ ಎಫ್‌ಡಿಗೆ ಒಂದು ಪರ್ಸೆಂಟ್ ಹೆಚ್ಚು ಸಿಕ್ಕಿತೆನ್ನಿ, ನಾಲ್ಕೂವರೆ ಲಕ್ಷಕ್ಕೆ ವರ್ಷಕ್ಕೆ ₹4,500. ಬೇಡವೆನ್ನುವ ಮೊತ್ತವಲ್ಲ. ಆದರೆ ಆ ಹುಡುಕಾಟವನ್ನು ಮದುವೆಯ ಓಡಾಟವೆಲ್ಲ ಮುಗಿದು, ಕೈಯಲ್ಲಿ ಎಷ್ಟು ಉಳಿಯಿತೆಂದು ಎಣಿಸಿದ ಮೇಲೆ ಮಾಡಿದರೂ ತಡವಾಗುವುದಿಲ್ಲ. ಓಡಿಗೆ ಹಣ ಕಟ್ಟುವುದು ಮಾತ್ರ ನಾಳೆ ಬೆಳಿಗ್ಗೆ ಬ್ಯಾಂಕ್ ಬಾಗಿಲು ತೆಗೆದ ಕೂಡಲೇ ಆಗಲಿ.