ಇ-ಮೇಲ್ ಪತ್ರ ಪ್ರಿಂಟ್ ಆಗುತ್ತಿಲ್ಲವೇ? ತೊಂದರೆ ಎಲ್ಲಿದೆ ಎಂದು ಮೊದಲು ಹುಡುಕಿ



ಸಂಘದ ಸಾಲದ ಬಗ್ಗೆ ಬ್ಯಾಂಕಿನ ಪತ್ರ, ವಿದ್ಯಾರ್ಥಿವೇತನದ ಸೂಚನೆ, ತರಬೇತಿಯ ಆಹ್ವಾನ, ಇಂಥವು ಈಗ ಹೆಚ್ಚಾಗಿ ಇ-ಮೇಲ್‌ನಲ್ಲೇ ಬರುತ್ತವೆ. ಆದರೆ ಫೈಲಿಗೆ ಹಾಕಲು, ಸಭೆಯಲ್ಲಿ ಓದಿ ಹೇಳಲು, ಸಹಿ ಮಾಡಿಸಲು ಕಾಗದವೇ ಬೇಕು. ಪತ್ರ ತೆರೆಯುತ್ತದೆ, ಓದಲೂ ಬರುತ್ತದೆ, ಪ್ರಿಂಟ್ ಒತ್ತಿದರೆ ಮಾತ್ರ ಏನೂ ಆಗುವುದಿಲ್ಲ. ಅರ್ಜಿ ಹಾಕಲು ಅದೇ ಕಡೆಯ ದಿನವಾಗಿದ್ದರೆ ಗಾಬರಿ ಇನ್ನೂ ಹೆಚ್ಚು.

ಆಗ ನಮ್ಮಲ್ಲಿ ಹೆಚ್ಚಿನವರು ಎರಡು ಕೆಲಸ ಮಾಡುತ್ತೇವೆ. ಒಂದು, ಪ್ರಿಂಟ್ ಬಟನ್ ಮತ್ತೆ ಮತ್ತೆ ಒತ್ತುವುದು. ಇನ್ನೊಂದು, “ಪ್ರೋಗ್ರಾಂ ತೆಗೆದು ಮತ್ತೆ ಹಾಕಿದ್ರೆ ಸರಿ ಹೋಗ್ತದೆ” ಅಂತ ಎಲ್ಲ ಅಳಿಸಿ ಹಾಕುವುದು. ಮೊದಲನೆಯದರಿಂದ ಕಾಗದ ಹಾಳು. ಎರಡನೆಯದರಿಂದ ಹಳೆಯ ಪತ್ರಗಳೇ ಕೈಬಿಟ್ಟು ಹೋಗಬಹುದು. ಇವೆರಡರ ಬದಲು ತೊಂದರೆಯ ಜಾಗವನ್ನು ಹುಡುಕುವುದು ಹೇಗೆ ಎಂಬುದೇ ಈ ಪಾಠ.

ಉದಾಹರಣೆಗೆ ಥಂಡರ್‌ಬರ್ಡ್ ಪ್ರೋಗ್ರಾಂ ತೆಗೆದುಕೊಳ್ಳೋಣ. ಇದು ಉಚಿತ, ಇದರ 1.0 ಆವೃತ್ತಿ 2004ರ ಡಿಸೆಂಬರ್‌ನಲ್ಲಿ ಬಂತು. 2021ರಲ್ಲಿ ಬಂದ 91ನೇ ಆವೃತ್ತಿಯಿಂದ ಇದರ ಪ್ರಿಂಟ್ ಕಿಟಕಿ ಬದಲಾಗಿದೆ. ಇಲ್ಲಿ ಹೇಳುವುದು ಆ ನಂತರದ ಆವೃತ್ತಿಗಳಿಗೆ ಮತ್ತು ವಿಂಡೋಸ್ 10, 11 ಇರುವ ಕಂಪ್ಯೂಟರ್‌ಗಳಿಗೆ.

ಪತ್ರ ಕಾಗದಕ್ಕೆ ಬರುವ ದಾರಿ

ನಲ್ಲಿಯಲ್ಲಿ ನೀರು ಬರದಿದ್ದರೆ ನಾವು ತಕ್ಷಣ ನಲ್ಲಿ ಬಿಚ್ಚುವುದಿಲ್ಲ. ಟ್ಯಾಂಕ್ ಖಾಲಿಯೋ, ವಾಲ್ವ್ ಮುಚ್ಚಿದೆಯೋ, ಪೈಪ್ ಕಟ್ಟಿದೆಯೋ ನೋಡುತ್ತೇವೆ. ಇಲ್ಲಿಯೂ ಹಾಗೆಯೇ. ಥಂಡರ್‌ಬರ್ಡ್ ಪತ್ರವನ್ನು ಪುಟದ ಅಳತೆಗೆ ಹೊಂದಿಸಿ ವಿಂಡೋಸ್‌ಗೆ ಕೊಡುತ್ತದೆ. ವಿಂಡೋಸ್ ಅದನ್ನು ಸರದಿ ಸಾಲಿನಲ್ಲಿ ಇಡುತ್ತದೆ. ಆ ಸಾಲನ್ನು ನೋಡಿಕೊಳ್ಳುವ ವ್ಯವಸ್ಥೆಗೆ ಪ್ರಿಂಟ್ ಸ್ಪೂಲರ್ ಎಂದು ಹೆಸರು. ಸಾಲಿನಿಂದ ಪ್ರಿಂಟರ್‌ಗೆ, ಪ್ರಿಂಟರ್‌ನಿಂದ ಕಾಗದಕ್ಕೆ. ಈ ದಾರಿಯಲ್ಲಿ ಎಲ್ಲಿ ತಡೆಯಾಗಿದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ನಾಲ್ಕು ಪರೀಕ್ಷೆಗಳು

1. ಪ್ರಿಂಟರ್ ಸರಿ ಇದೆಯೇ? ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ‘ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್’ ತೆರೆದು, ನಿಮ್ಮ ಪ್ರಿಂಟರ್ ಆರಿಸಿ, ‘ಪ್ರಿಂಟ್ ಟೆಸ್ಟ್ ಪೇಜ್’ ಒತ್ತಿ. ಪುಟ ಬಾರದಿದ್ದರೆ ಇ-ಮೇಲ್ ಪ್ರೋಗ್ರಾಂ ಮುಟ್ಟುವುದೇ ಬೇಡ. ಕೇಬಲ್, ವೈಫೈ, ಕಾಗದ, ಇಂಕ್ ಮತ್ತು ಸರದಿ ಸಾಲು ನೋಡಿ.

2. ಬೇರೆ ಪ್ರೋಗ್ರಾಂನಿಂದ ಬರುತ್ತದೆಯೇ? ನೋಟ್‌ಪ್ಯಾಡ್‌ನಲ್ಲಿ ಎರಡು ಸಾಲು ಟೈಪ್ ಮಾಡಿ ಪ್ರಿಂಟ್ ಕೊಡಿ. ಅದು ಬಂದು ಇ-ಮೇಲ್ ಮಾತ್ರ ಬಾರದಿದ್ದರೆ ತೊಂದರೆ ಥಂಡರ್‌ಬರ್ಡ್ ಕಡೆಗಿದೆ.

3. ಪಿಡಿಎಫ್ ಆಗುತ್ತದೆಯೇ? ಪತ್ರ ತೆರೆದು ಕಂಟ್ರೋಲ್ ಕೀ ಜೊತೆ ಪಿ ಒತ್ತಿ. ಪ್ರಿಂಟರ್ ಹೆಸರಿರುವ ಜಾಗದಲ್ಲಿ ‘ಸೇವ್ ಟು ಪಿಡಿಎಫ್’ ಆರಿಸಿ. ಪಿಡಿಎಫ್ ಸರಿಯಾಗಿ ಬಂದರೆ ಪತ್ರವನ್ನು ಪುಟಕ್ಕೆ ಹೊಂದಿಸುವ ಕೆಲಸ ಸರಿಯಾಗಿ ನಡೆದಿದೆ; ಅದನ್ನು ಪ್ರಿಂಟರ್‌ಗೆ ಕಳಿಸುವಲ್ಲಿ ತಡೆ ಇದೆ. ಇದರಲ್ಲಿ ಇನ್ನೊಂದು ಲಾಭವೂ ಇದೆ. ಕೆಲಸ ತುರ್ತಾಗಿದ್ದರೆ ಆ ಪಿಡಿಎಫ್ ತೆರೆದು ಅಲ್ಲಿಂದಲೇ ಪ್ರಿಂಟ್ ಮಾಡಬಹುದು, ಇಲ್ಲವೇ ಪೆನ್‌ಡ್ರೈವ್‌ನಲ್ಲಿ ಬೇರೆ ಕಡೆ ಒಯ್ಯಬಹುದು. ಕಡೆಯ ದಿನ ತಪ್ಪುವುದಿಲ್ಲ. ರಿಪೇರಿ ನಾಳೆ ಮಾಡಿದರೂ ಆಗುತ್ತದೆ.

4. ಎಲ್ಲ ಪತ್ರಗಳಿಗೂ ಹೀಗೆಯೇ? ಬೇರೊಂದು ಚಿಕ್ಕ ಪತ್ರ ಪ್ರಿಂಟ್ ಮಾಡಿ. ಅದು ಬಂದರೆ ತೊಂದರೆ ಇರುವುದು ಆ ಒಂದು ಪತ್ರದಲ್ಲಿ ಮಾತ್ರ.

ಜಾಗ ಗೊತ್ತಾಯಿತು, ಈಗ ಪರಿಹಾರ

ಸರದಿ ಸಾಲು ಕಟ್ಟಿಕೊಂಡಿದ್ದರೆ: ಮೊದಲ ಕೆಲಸ ಸಿಕ್ಕಿಹಾಕಿಕೊಂಡರೆ ಹಿಂದಿನವೆಲ್ಲ ಕಾಯುತ್ತಾ ನಿಲ್ಲುತ್ತವೆ. ಹತ್ತು ಸಲ ಒತ್ತಿದ್ದರೆ ಹತ್ತೂ ಅಲ್ಲಿಯೇ ಇರುತ್ತವೆ. ಸರಿಯಾದ ಮೇಲೆ ಒಂದೇ ಸಲ ಹತ್ತು ಪ್ರತಿ ಬರುತ್ತದೆ, ಅದೂ ಯಾರೋ ಎದುರಿಗೆ ಕೂತಿದ್ದಾಗ! ಪತ್ರದಲ್ಲಿ ಒಬ್ಬರ ಸಾಲದ ವಿವರವೋ ಕಾಯಿಲೆಯ ವಿಷಯವೋ ಇದ್ದರೆ ಅದು ಪರರ ಕೈಗೆ ಸಿಕ್ಕ ಹಾಗೆ. ಆದ್ದರಿಂದ ಸಾಲನ್ನು ತೆರೆದು ಹಳೆಯ ಕೆಲಸಗಳನ್ನು ರದ್ದು ಮಾಡಿ.

ರದ್ದಾಗದಿದ್ದರೆ ಸ್ಟಾರ್ಟ್ ಮೆನುವಿನಲ್ಲಿ ‘ಸರ್ವೀಸಸ್’ ಹುಡುಕಿ ತೆರೆಯಿರಿ. ಪಟ್ಟಿಯಲ್ಲಿ ‘ಪ್ರಿಂಟ್ ಸ್ಪೂಲರ್’ ಆರಿಸಿ ‘ಸ್ಟಾಪ್’ ಕೊಡಿ. ಸಿ ಡ್ರೈವ್‌ನಲ್ಲಿ ವಿಂಡೋಸ್, ಅದರೊಳಗೆ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಎಂಬ ಫೋಲ್ಡರ್ ಇದೆ. ಅದರ ಒಳಗಿನ ಫೈಲುಗಳನ್ನು ಮಾತ್ರ ಅಳಿಸಿ, ಫೋಲ್ಡರನ್ನು ಅಳಿಸಬೇಡಿ. ಆಮೇಲೆ ಸ್ಪೂಲರ್‌ಗೆ ಮತ್ತೆ ‘ಸ್ಟಾರ್ಟ್’ ಕೊಡಿ. ಇದಕ್ಕೆ ಅಡ್ಮಿನ್ ಪಾಸ್‌ವರ್ಡ್ ಬೇಕಾಗಬಹುದು. ಕಾಯುತ್ತಿರುವ ಬೇರೆಯವರ ಕೆಲಸವೂ ಅಳಿಸಿ ಹೋಗುತ್ತದೆ. ಮೊದಲೇ ಅವರಿಗೆ ಹೇಳಿ.

ಬೇರೆ ಪ್ರಿಂಟರ್‌ಗೆ ಹೋಗುತ್ತಿದ್ದರೆ: ಪ್ರಿಂಟ್ ಕೊಟ್ಟಾಗ ಫೈಲಿಗೆ ಹೆಸರು ಕೇಳುತ್ತಿದ್ದರೆ ಅದು ಪಿಡಿಎಫ್‌ಗೆ ಹೋಗುತ್ತಿದೆ ಎಂದರ್ಥ. ಹೆಸರು ಬದಲಿಸಿ. ‘ಲೆಟ್ ವಿಂಡೋಸ್ ಮ್ಯಾನೇಜ್ ಮೈ ಡೀಫಾಲ್ಟ್ ಪ್ರಿಂಟರ್’ ಎಂಬುದು ಆನ್ ಇದ್ದರೆ ನೀವು ಕಡೆಯ ಸಲ ಬಳಸಿದ ಪ್ರಿಂಟರ್ ತಾನಾಗಿಯೇ ಮುಖ್ಯ ಪ್ರಿಂಟರ್ ಆಗುತ್ತದೆ. ಅದನ್ನು ಆಫ್ ಮಾಡಿ, ನಿಮಗೆ ಬೇಕಾದದ್ದನ್ನು ನೀವೇ ಆರಿಸಿಡಿ.

ಥಂಡರ್‌ಬರ್ಡ್‌ನಲ್ಲೇ ತೊಂದರೆ ಇದ್ದರೆ: ಮೊದಲು ಕಾಗದದ ಅಳತೆ ನೋಡಿ. ನಮ್ಮ ಕಾಗದ ಎ4, ಅಂದರೆ 210 x 297 ಮಿ.ಮೀ. ಸೆಟ್ಟಿಂಗ್‌ನಲ್ಲಿ ಅಮೆರಿಕದ ‘ಲೆಟರ್’ ಅಳತೆ ಇದ್ದರೆ ಕೆಲವು ಪ್ರಿಂಟರ್‌ಗಳು ದೀಪ ಮಿನುಗಿಸುತ್ತಾ ನಿಂತುಬಿಡುತ್ತವೆ. ನಂತರ ಪ್ರಿಂಟ್ ಕಿಟಕಿಯ ಕೆಳಗಡೆ ಸಿಸ್ಟಮ್ ಡೈಲಾಗ್ ಮೂಲಕ ಪ್ರಿಂಟ್ ಮಾಡುವ ಕೊಂಡಿಯನ್ನು ಒತ್ತಿ ನೋಡಿ. ಅದೂ ಆಗದಿದ್ದರೆ ಹೆಲ್ಪ್ ಮೆನುವಿನಲ್ಲಿ ‘ಟ್ರಬಲ್‌ಶೂಟ್ ಮೋಡ್’ ಆರಿಸಿ. ಮೆನು ಕಾಣದಿದ್ದರೆ ಆಲ್ಟ್ ಕೀ ಒತ್ತಿ. ಈ ಮೋಡ್‌ನಲ್ಲಿ ಆ್ಯಡ್-ಆನ್‌ಗಳು ಕೆಲಸ ಮಾಡುವುದಿಲ್ಲ. ಆಗ ಪ್ರಿಂಟ್ ಬಂದರೆ ಯಾವುದೋ ಆ್ಯಡ್-ಆನ್ ಅಡ್ಡಿಯಾಗಿದೆ. ಒಂದೊಂದಾಗಿ ನಿಲ್ಲಿಸಿ ಪತ್ತೆ ಹಚ್ಚಿ.

ಪ್ರಿಂಟರ್ ಬದಲಿಸಿದ್ದೀರಾ? ಥಂಡರ್‌ಬರ್ಡ್ ಹಳೆಯ ಪ್ರಿಂಟರನ್ನೇ ನೆನಪಿಟ್ಟುಕೊಂಡಿರಬಹುದು. ಸೆಟ್ಟಿಂಗ್ಸ್‌ನ ‘ಜನರಲ್’ ಪುಟದ ಕೊನೆಗೆ ‘ಕಾನ್ಫಿಗ್ ಎಡಿಟರ್’ ಇದೆ. ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಪ್ರಿಂಟ್, ಅಡಿಗೆರೆ, ಪ್ರಿಂಟರ್ ಎಂದು ಎಡೆ ಬಿಡದೆ ಟೈಪ್ ಮಾಡಿ. ಕಾಣುವ ಸಾಲಿಗೆ ‘ರೀಸೆಟ್’ ಕೊಟ್ಟು ಪ್ರೋಗ್ರಾಂ ಮುಚ್ಚಿ ತೆರೆಯಿರಿ. ಅಲ್ಲಿ ಬೇರೆ ಯಾವ ಸಾಲನ್ನೂ ಮುಟ್ಟಬೇಡಿ.

ಒಂದೇ ಪತ್ರ ಬಾರದಿದ್ದರೆ: ಅದರ ವಿನ್ಯಾಸ ತೊಡಕಿನದಾಗಿರಬಹುದು. ವ್ಯೂ ಮೆನುವಿನ ‘ಮೆಸೇಜ್ ಬಾಡಿ ಆ್ಯಸ್’ನಲ್ಲಿ ‘ಪ್ಲೇನ್ ಟೆಕ್ಸ್ಟ್’ ಆರಿಸಿ ಪ್ರಿಂಟ್ ಮಾಡಿ. ಚಿತ್ರ, ಬಣ್ಣ ಹೋಗಿ ಬರೀ ಅಕ್ಷರ ಉಳಿಯುತ್ತದೆ. ಕೆಲಸ ಆದ ಮೇಲೆ ‘ಒರಿಜಿನಲ್ ಎಚ್‌ಟಿಎಂಎಲ್’ಗೆ ಮರಳಿಸಿ. ಇನ್ನೊಂದು ವಿಷಯ: ಪತ್ರ ಪ್ರಿಂಟ್ ಮಾಡಿದರೆ ಅದರ ಜೊತೆ ಲಗತ್ತಿಸಿದ ಪಿಡಿಎಫ್ ಅರ್ಜಿ ಪ್ರಿಂಟ್ ಆಗುವುದಿಲ್ಲ. “ಅರ್ಧ ಮಾತ್ರ ಬಂತು” ಅನ್ನುವ ಎಷ್ಟೋ ದೂರುಗಳ ಕಾರಣ ಇದೇ. ಲಗತ್ತನ್ನು ಪ್ರತ್ಯೇಕವಾಗಿ ತೆರೆದು ಪ್ರಿಂಟ್ ಮಾಡಬೇಕು.

ಕನ್ನಡ ಪತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಬಂದರೆ: ಇದು ಪ್ರಿಂಟರ್ ದೋಷವಲ್ಲ. ಕಳಿಸಿದವರು ಯೂನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿ ಅಂಟಿಸಿರುತ್ತಾರೆ. ಯೂನಿಕೋಡ್‌ನಲ್ಲಿ ಅಥವಾ ಪಿಡಿಎಫ್ ಮಾಡಿ ಕಳಿಸಿ ಅಂತ ಅವರನ್ನೇ ಕೇಳಿ.

ಇವನ್ನು ಮಾತ್ರ ಮಾಡಬೇಡಿ

ಥಂಡರ್‌ಬರ್ಡ್‌ನ ಪ್ರೊಫೈಲ್ ಫೋಲ್ಡರ್ ಅಳಿಸಬೇಡಿ. ಖಾತೆ ‘ಪಾಪ್’ ವಿಧಾನದಲ್ಲಿದ್ದರೆ ಪತ್ರಗಳು ಈ ಕಂಪ್ಯೂಟರ್‌ಗೆ ಇಳಿದ ಮೇಲೆ ಸರ್ವರ್‌ನಿಂದ ಅಳಿಸಿ ಹೋಗಿರಬಹುದು. ಆಗ ಇರುವ ಒಂದೇ ಪ್ರತಿ ನಿಮ್ಮ ಕಂಪ್ಯೂಟರ್‌ನದು. ಅದು ಹೋದರೆ ವರ್ಷಗಳ ಪತ್ರವ್ಯವಹಾರ ಹೋದ ಹಾಗೆ. ದೊಡ್ಡ ರಿಪೇರಿಗೆ ಕೈ ಹಾಕುವ ಮೊದಲು ಹೆಲ್ಪ್ ಮೆನುವಿನ ‘ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್’ನಲ್ಲಿ ಪ್ರೊಫೈಲ್ ಫೋಲ್ಡರ್ ಎಲ್ಲಿದೆ ನೋಡಿ, ಪ್ರೋಗ್ರಾಂ ಮುಚ್ಚಿ, ಇಡೀ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ.

ಅಂತರ್ಜಾಲದಲ್ಲಿ ಕಂಡ ‘ಪ್ರಿಂಟರ್ ಸಹಾಯವಾಣಿ’ ನಂಬರಿಗೆ ಫೋನ್ ಮಾಡಿ ನಿಮ್ಮ ಪರದೆಯನ್ನು ಅಪರಿಚಿತರಿಗೆ ಒಪ್ಪಿಸಬೇಡಿ. ಇಂಥ ನಕಲಿ ನಂಬರುಗಳಿಂದ ಹಣ ಕಳೆದುಕೊಂಡವರಿದ್ದಾರೆ. ಹಣ ಹೋದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಅಭ್ಯಾಸ

1. ನಿಮ್ಮ ಕಚೇರಿಯ ಖಾತೆ ಪಾಪ್ ವಿಧಾನದ್ದೋ, ಐಮ್ಯಾಪ್ ವಿಧಾನದ್ದೋ? ಸೆಟ್ಟಿಂಗ್ ನೋಡಿ ಬರೆದಿಡಿ.
2. ನೋಟ್‌ಪ್ಯಾಡ್‌ನಿಂದ ಪ್ರಿಂಟ್ ಬರುತ್ತದೆ, ಇ-ಮೇಲ್ ಬರುವುದಿಲ್ಲ. ಮುಂದಿನ ಪರೀಕ್ಷೆ ಯಾವುದು?
3. ನಾಲ್ಕು ಪರೀಕ್ಷೆಗಳನ್ನು ಒಂದು ಹಾಳೆಯಲ್ಲಿ ಬರೆದು ಪ್ರಿಂಟರ್ ಪಕ್ಕದ ಗೋಡೆಗೆ ಅಂಟಿಸಿ. ನೀವು ರಜೆಯಲ್ಲಿದ್ದ ದಿನ ಬೇರೆಯವರಿಗೆ ಅದು ನೆರವಾಗುತ್ತದೆ.