ಶ್ರೀತಾಳೆ: ಒಮ್ಮೆ ಮಾತ್ರ ಹೂವಾಡುವ ಮರ

ತಾಳೆಯ ಜಾತಿಯ ಮರಗಳಲ್ಲಿ ನಮಗೆ ತೆಂಗು, ಅಡಕೆ, ಈಚಲು, ಬೈನೆಗಳ ಪರಿಚಯವೇ ಹೆಚ್ಚು. ಇವುಗಳ ನಡುವೆ ಗಾತ್ರದಲ್ಲಿ ಹಿರಿದಾಗಿಯೂ ಜನರ ಗಮನಕ್ಕೆ ದೂರವಾಗಿಯೂ ಉಳಿದಿರುವುದು ಶ್ರೀತಾಳೆ. ಕರಾವಳಿಯ ಜಿಲ್ಲೆಗಳಲ್ಲಿ, ಕೇರಳದಲ್ಲಿ, ಸಿಂಹಳದ್ವೀಪದಲ್ಲಿ ಇದು ಬೆಳೆಯುತ್ತದೆ. 1753ರಲ್ಲಿ ಲಿನೇಯಸನು ಇದಕ್ಕೆ 'ಕೊರಿಫಾ ಅಂಬ್ರಾಕ್ಯುಲಿಫೆರಾ' ಎಂದು ಹೆಸರಿಟ್ಟನು. ಎರಡನೆಯ ಪದಕ್ಕೆ 'ಕೊಡೆ ಹೊತ್ತದ್ದು' ಎಂದರ್ಥ. ಬೀಸಣಿಗೆಯಾಕಾರದ ಇದರ ಗರಿ ಹದಿನೈದು ಅಡಿಗಳಷ್ಟು ಅಗಲವಾಗಬಲ್ಲದು. ಹಿಂದೆ ಮಳೆಗಾಲದಲ್ಲಿ ಕೊಡೆಗೂ ಗುಡಿಸಿಲಿನ ಹೊದಿಕೆಗೂ ಇದೇ ಒದಗುತ್ತಿತ್ತು.

ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಈ ಮರಕ್ಕೆ ವಿಶೇಷ ಋಣಿಗಳು. ತಾಟಿಮರದ ಗರಿ ದಪ್ಪ ಹಾಗೂ ಬಿರುಸು. ಶ್ರೀತಾಳೆಯದು ತೆಳು, ಅಗಲ, ಬಾಗಿದರೂ ಮುರಿಯದು. ಎಳೆಯ ಗರಿಯನ್ನು ಸೀಳಿ, ನೀರಿನಲ್ಲಿ ಬೇಯಿಸಿ, ಒಣಗಿಸಿ, ಉಜ್ಜಿ ನಯಮಾಡಿ, ಕಂಟದಿಂದ ಅಕ್ಷರ ಕೊರೆದು ಮಸಿ ತೊಡೆಯುತ್ತಿದ್ದರು. ಮೂಡಬಿದಿರೆಯ ಧವಲಾ ಗ್ರಂಥಗಳು ನಮಗೆ ಉಳಿದು ಬಂದದ್ದು ಓಲೆಗಳ ಮೇಲೆ. 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿದ ಕೌಟಿಲ್ಯನ ಅರ್ಥಶಾಸ್ತ್ರವೂ ಓಲೆಯ ಪ್ರತಿಯೇ.

ಈ ಮರದ ಜೀವನಕ್ರಮ ವಿಚಿತ್ರವಾದುದು. ಮೂವತ್ತರಿಂದ ಎಂಬತ್ತು ವರ್ಷಗಳವರೆಗೆ ಅದು ಹೂವನ್ನೇ ಬಿಡದೆ ಕಾಂಡದಲ್ಲಿ ಪಿಷ್ಟವನ್ನು ಕೂಡಿಡುತ್ತದೆ. ಕಡೆಗೊಮ್ಮೆ ನೆತ್ತಿಯಲ್ಲಿ ಇಪ್ಪತ್ತು ಅಡಿ ಎತ್ತರದ ಹೂಗೊಂಚಲನ್ನು ಎತ್ತಿ ಲಕ್ಷಗಟ್ಟಲೆ ಹೂಗಳನ್ನು ಅರಳಿಸುತ್ತದೆ. ಕಾಯಿಗಳು ಬಲಿಯಲು ಸುಮಾರು ಒಂದು ವರ್ಷ ಬೇಕು. ಕೂಡಿಟ್ಟದ್ದೆಲ್ಲ ಹೀಗೆ ವೆಚ್ಚವಾದ ಮೇಲೆ ಮರ ಸಾಯುತ್ತದೆ. ಬುಡದಿಂದ ಮರಿಯೊಡೆಯುವುದಿಲ್ಲ, ವಂಶ ಮುಂದುವರಿಯುವುದು ಬೀಜದಿಂದ ಮಾತ್ರ.

ಇಲ್ಲಿಯೇ ಇದರ ಸಂಕಟವಿದೆ. ಶ್ರೀತಾಳೆ ಹೂ ಬಿಟ್ಟರೆ ಊರಿಗೆ ಕೆಡುಕೆಂಬ ನಂಬಿಕೆಯಿಂದ ಕೆಲವೆಡೆ ಅದನ್ನು ಕಡಿಯುವುದುಂಟು. ಪಿಷ್ಟ ಹೂವಿಗೆ ವೆಚ್ಚವಾಗುವ ಮೊದಲೇ ಹಿಟ್ಟಿಗಾಗಿ ಉರುಳಿಸುವುದೂ ಉಂಟು. ಪ್ರತಿವರ್ಷ ಫಲ ಕೊಡುವ ಮರವಾದರೆ ಕಡಿಯುವ ಮೊದಲೇ ಅದರ ಬೀಜ ನಾಲ್ಕು ಕಡೆ ಬಿದ್ದಿರುತ್ತದೆ. ಶ್ರೀತಾಳೆಗೆ ಆ ಅನುಕೂಲವಿಲ್ಲ. ಕಾಯಿ ಬಲಿಯುವ ಮುನ್ನ ಕೊಡಲಿ ಬಿದ್ದರೆ ಅರ್ಧ ಶತಮಾನದ ಸಿದ್ಧತೆ ಬೀಜವಿಲ್ಲದೆ ಮುಗಿದಂತೆಯೇ. ಹೂವು ಮರದ ಸಾವಿಗೆ ಮುನ್ಸೂಚನೆಯೇ ಹೊರತು ಊರಿನ ಕೇಡಿಗಲ್ಲ.

ಬೆಳೆಸುವ ಕ್ರಮ ಕಷ್ಟವಾದುದಲ್ಲ. ತಾನಾಗಿ ಉದುರಿದ ಹಣ್ಣುಗಳನ್ನು ಆರಿಸಿ, ಸಿಪ್ಪೆ ತಿರುಳು ತೆಗೆದು, ಬೀಜವನ್ನು ಎರಡು ಮೂರು ದಿನ ನೀರಿನಲ್ಲಿ ನೆನೆಸಬೇಕು. ನೀರನ್ನು ದಿನವೂ ಬದಲಿಸಬೇಕು. ಒಣಗಿ ಹಳತಾಗುವ ಮೊದಲೇ ಬಿತ್ತುವುದು ಲೇಸು. ಮರಳು, ಮಣ್ಣು, ಕೊಳೆತ ಗೊಬ್ಬರ ಬೆರೆಸಿ ಒಂದಂಗುಲ ಆಳದಲ್ಲಿ ಊರಿ, ನೆರಳಿನಲ್ಲಿಟ್ಟು, ತೇವ ಆರದಂತೆ ನೋಡಿಕೊಳ್ಳಬೇಕು. ಮೊಳಕೆಗೆ ಕೆಲವು ತಿಂಗಳೇ ಹಿಡಿಯಬಹುದು. ಬೀಜದಿಂದ ಹೊರಟ ಮೊಳಕೆ ಮೊದಲು ಮಣ್ಣಿನಾಳಕ್ಕೆ ಇಳಿದು, ಅಲ್ಲಿಂದ ಎಲೆಯನ್ನು ಮೇಲಕ್ಕೆ ಕಳುಹಿಸುತ್ತದೆ. ಆದಕಾರಣ ಆಳವಾದ ಕುಂಡ ಅಥವಾ ಚೀಲ ಅವಶ್ಯಕ. ಏನೂ ಕಾಣಲಿಲ್ಲವೆಂದು ಕೆದಕಿ ನೋಡಿದರೆ ಎಳೆಯ ಬೇರಿಗೆ ಪೆಟ್ಟು ತಗಲುತ್ತದೆ.

ಸಸಿಯನ್ನು ಮುಂಗಾರಿನ ಆರಂಭದಲ್ಲಿ, ನೀರು ನಿಲ್ಲದ ಕಡೆ, ಬುಡದ ಮಣ್ಣು ಒಡೆಯದಂತೆ ನೆಡಬೇಕು. ಮೊದಲ ಬೇಸಿಗೆಗಳಲ್ಲಿ ನೀರೂ ನೆರಳೂ, ದನಗಳಿಂದ ರಕ್ಷಣೆಗೆ ಬೇಲಿಯೂ ಬೇಕು. ಕಾಂಡ ಮೇಲೇಳಲು ಹಲವು ವರ್ಷ ಹಿಡಿಯುತ್ತದೆ. ಕಡೆಯಲ್ಲಿ ಸತ್ತ ಮರ ಉರುಳುವುದರಿಂದ ಮನೆ, ರಸ್ತೆ, ವಿದ್ಯುತ್ ತಂತಿಗಳಿಂದ ದೂರವಿರುವ ಜಾಗವನ್ನೇ ಆರಿಸಬೇಕು.

ಇಂದು ನೆಟ್ಟವನು ಇದರ ಹೂವನ್ನು ಕಾಣುತ್ತಾನೆಂಬ ಭರವಸೆಯಿಲ್ಲ. ಆದರೆ ನಾವು ಓದುವ ಕಾವ್ಯಗಳನ್ನು ಓಲೆಯ ಮೇಲೆ ಪ್ರತಿಮಾಡಿದವರೂ ನಮ್ಮನ್ನು ಕಂಡವರಲ್ಲ. ಕರಾವಳಿಯ ಕಡೆಯಿಂದ ಬರುವ ಸಹಪಾಠಿಗಳು ತಮ್ಮೂರಿನಲ್ಲಿ ಹೂವಾಡಿದ ಶ್ರೀತಾಳೆ ಕಂಡರೆ, ಇನ್ನೊಂದು ವರ್ಷ ಕೊಡಲಿ ತಡೆಯುವಂತೆ ಹಿರಿಯರನ್ನು ಒಪ್ಪಿಸಿ, ನಾಲ್ಕು ಬೀಜ ತರಲಿ. ನಮ್ಮ ಕಾಲೇಜಿನ ಆವರಣದಲ್ಲಿ ಒಂದು ಸಸಿಗೆ ಸ್ಥಳ ಸಿಕ್ಕೀತು.