ಚಹಾದೊಳಗಿನ ಮಾತ್ರೆ

ಪ್ರಶ್ನೆ: ನಮ್ಮೂರು ವಿಜಯಪುರ ಜಿಲ್ಲೆ. ಅಪ್ಪ ದುಡಿಯಲು ಬಂದು ಪುಣೆಯಲ್ಲೇ ನೆಲೆಯಾದರು. ತಮ್ಮನಿಗೆ 22 ವರ್ಷ. ಡಿಪ್ಲೊಮಾ ಅರ್ಧಕ್ಕೆ ಬಿಟ್ಟು ಕೋಣೆ ಸೇರಿದ. ಪಕ್ಕದ ಮನೆಯವರು ಗೋಡೆಯಾಚೆಯಿಂದ ಮರಾಠಿಯಲ್ಲಿ ತನ್ನನ್ನು ಬೈಯುತ್ತಾರೆ, ಊಟದಲ್ಲಿ ಏನೋ ಬೆರೆಸುತ್ತಾರೆ ಎನ್ನುತ್ತಿದ್ದ. ವೈದ್ಯರು ಸ್ಕಿಜೋಫ್ರೇನಿಯಾ ಎಂದರು. ಮಾತ್ರೆ ಕೊಟ್ಟರೆ ಉಗುಳುತ್ತಾನೆ. ಅದಕ್ಕೇ ಕೆಲವು ತಿಂಗಳಿಂದ ಅವ್ವ ಪುಡಿ ಮಾಡಿ ಚಹಾದಲ್ಲಿ ಹಾಕಿ ಕೊಡುತ್ತಿದ್ದಾಳೆ. ಬೈಗುಳ ಕೇಳಿಸುವುದು ಕಡಿಮೆಯಾಗಿದೆ. ಆದರೆ ದಿನವಿಡೀ ಮಲಗಿರುತ್ತಾನೆ, ಸ್ನಾನವೂ ಬೇಡ. ಅಪ್ಪ ಮೈಗಳ್ಳ ಎಂದು ರೇಗುತ್ತಾರೆ. ಅಜ್ಜಿ, ಗಾಳಿ ಹಿಡಿದಿದೆ, ಗಾಣಗಾಪುರಕ್ಕೆ ಒಯ್ಯಿರಿ ಎನ್ನುತ್ತಾಳೆ. ಸೋದರಮಾವನ ಮಗಳನ್ನು ತಂದುಕೊಂಡರೆ ಸರಿಹೋಗುತ್ತಾನೆ ಎಂಬ ಮಾತೂ ನಡೆದಿದೆ. ನನಗೂ ಗಂಡು ನೋಡುತ್ತಿದ್ದಾರೆ. ಚಹಾದ ವಿಷಯ ಅವನಿಗೆ ತಿಳಿದುಬಿಟ್ಟರೆ?
– ಹೆಸರು ಬೇಡ, ಪುಣೆ

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ತಿಳಿಯುತ್ತದೆ. ಲೋಟದ ತಳದಲ್ಲಿ ಪುಡಿ ಉಳಿದಾಗಲೋ, ಚಹಾ ಕಹಿಯೆನಿಸಿದಾಗಲೋ ಒಂದು ದಿನ ತಿಳಿದೇ ತಿಳಿಯುತ್ತದೆ. ತಿನ್ನುವುದರಲ್ಲಿ ಏನೋ ಬೆರೆಸುತ್ತಾರೆ ಎಂಬ ಅವನ ಭಯಕ್ಕೆ ನೀವೆಲ್ಲ ಭ್ರಮೆ ಎನ್ನುತ್ತಿದ್ದಿರಿ. ಆ ಲೋಟದ ಮಟ್ಟಿಗೆ ಅವನು ಹೇಳಿದ್ದೇ ನಿಜವಾಗಿಬಿಡುತ್ತದೆ. ಆಮೇಲೆ ಅವ್ವನ ಕೈಯ ರೊಟ್ಟಿಯನ್ನೂ ಅವನು ನಂಬಲಿಕ್ಕಿಲ್ಲ.

ಅವ್ವನನ್ನು ದೂರುತ್ತಿಲ್ಲ. ನಮ್ಮ ದೇಶದ ಎಷ್ಟೋ ಮನೆಗಳಲ್ಲಿ ಇದು ನಡೆಯುತ್ತದೆ, ಕೆಲವು ವೈದ್ಯರೂ ಕಂಡೂ ಕಾಣದಂತಿರುತ್ತಾರೆ. ಆದರೆ ಅರ್ಧ ಲೋಟ ಕುಡಿದ ದಿನ ಅರ್ಧ ಔಷಧಿಯಷ್ಟೇ ಒಳಗೆ ಹೋಗುತ್ತದೆ, ಕೆಲವು ಮಾತ್ರೆಗಳನ್ನಂತೂ ಪುಡಿ ಮಾಡಲೇಬಾರದು. ಹಾಗೆಂದು ನಾಳೆಯೇ ನಿಲ್ಲಿಸಬೇಡಿ. ಥಟ್ಟನೆ ನಿಂತರೆ ಕಾಯಿಲೆ ಮರುಕಳಿಸುವ ಸಂಭವ ಬಹಳ. ಮೊದಲು ವೈದ್ಯರ ಬಳಿ ಹೋಗಿ ಚಹಾದ ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಹೇಳಿ. ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ಕೊಡುವ ಇಂಜೆಕ್ಷನ್‌ಗಳಿವೆ. ಅವನು ಒಪ್ಪಿದರೆ ದಿನಾ ನಡೆಯುವ ಈ ಕಣ್ಣಾಮುಚ್ಚಾಲೆಯೇ ಮುಗಿಯುತ್ತದೆ.

ಒಪ್ಪಿಸುವುದು ಹೇಗೆ? ಮಾತ್ರೆ ಏಕೆ ಬೇಡವೆಂದು ಅವನನ್ನು ಯಾರಾದರೂ ಕೇಳಿದ್ದೀರಾ? ಈ ಕಾಯಿಲೆಯಲ್ಲಿ ತನಗೆ ಕಾಯಿಲೆ ಇದೆಯೆಂದು ಅನ್ನಿಸದಿರುವುದೂ ಕಾಯಿಲೆಯ ಭಾಗವೇ, ಅದು ಹಟವಲ್ಲ. ಜೊತೆಗೆ ಔಷಧಿಯ ಕಾಟಗಳೂ ಇವೆ: ಮಂಪರು, ತೂಕ ಏರುವುದು, ಕೈನಡುಕ, ಕೂತಲ್ಲಿ ಕೂರಲಾಗದ ಚಡಪಡಿಕೆ, ಲೈಂಗಿಕ ತೊಂದರೆ. ಕೊನೆಯದನ್ನು 22ರ ಹುಡುಗ ಅಕ್ಕನ ಮುಂದೆ ಬಾಯಿಬಿಡುವುದಿಲ್ಲ. ವೈದ್ಯರೊಡನೆ ಒಬ್ಬನೇ ಮಾತಾಡಲು ಬಿಡಿ. ಔಷಧಿ ಬದಲಿಸಲು, ಪ್ರಮಾಣ ಇಳಿಸಲು ದಾರಿಗಳಿವೆ. ‘ನಿನಗೆ ತಲೆ ಕೆಟ್ಟಿದೆ, ಅದಕ್ಕೆ ಮಾತ್ರೆ’ ಎಂದರೆ ಯಾರು ನುಂಗುತ್ತಾರೆ? ‘ಹೆದರಿಕೊಂಡಿದ್ದೀಯ, ಇದರಿಂದ ಹೆದರಿಕೆ ಕಡಿಮೆಯಾಗುತ್ತದೆ’ ಎನ್ನಿ. ಸುಳ್ಳೇನಲ್ಲವಲ್ಲ.

ಅವನಿಗೆ ಕೇಳಿಸುವ ಬೈಗುಳ ಊಹೆಯಂತಿರುವುದಿಲ್ಲ. ನಿಮ್ಮ ದನಿ ಕೇಳಿಸುವಷ್ಟೇ ಸ್ಪಷ್ಟವಾಗಿ ಕೇಳಿಸುತ್ತದೆ. ಯಾವುದು ಮುಖ್ಯ, ಯಾವುದನ್ನು ಬಿಟ್ಟುಬಿಡಬಹುದು ಎಂದು ವಿಂಗಡಿಸುವುದರಲ್ಲಿ ಮಿದುಳಿನ ಡೋಪಮಿನ್ ಎಂಬ ರಾಸಾಯನಿಕಕ್ಕೆ ಪಾತ್ರವಿದೆ. ಅದರ ಲೆಕ್ಕ ತಪ್ಪಿದಾಗ ಪಕ್ಕದ ಮನೆಯ ಕುಕ್ಕರಿನ ಸೀಟಿ, ಬಸ್ಸಿನ ನಂಬರು, ಯಾರದೋ ಕೆಮ್ಮು, ಎಲ್ಲವೂ ತನ್ನನ್ನೇ ಉದ್ದೇಶಿಸಿದಂತೆ ಕಾಣುತ್ತವೆ. ಟಾನ್ಯಾ ಲೂರ್ಮನ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞೆ ಮತ್ತು ಸಂಗಡಿಗರು ಚೆನ್ನೈ, ಘಾನಾದ ಆಕ್ರಾ, ಕ್ಯಾಲಿಫೋರ್ನಿಯಾದ ಸ್ಯಾನ್ ಮಟಿಯೊಗಳಲ್ಲಿ ತಲಾ 20 ರೋಗಿಗಳನ್ನು ಮಾತಾಡಿಸಿದ್ದರು. ಅಮೆರಿಕದವರಿಗೆ ಹೆಚ್ಚಾಗಿ ಕೇಳಿಸಿದ್ದು ಅಪರಿಚಿತರ ಹಿಂಸೆಯ ದನಿಗಳು. ಚೆನ್ನೈಯ ಅನೇಕರಿಗೆ ನೆಂಟರಿಷ್ಟರ ದನಿಗಳು ಕೇಳಿಸುತ್ತಿದ್ದವು, ಸ್ನಾನ ಮಾಡು, ಅಡುಗೆ ಮಾಡು ಎನ್ನುವಂಥವು. ಮಿದುಳಿನ ಕಾಯಿಲೆಯಾದರೂ ಅದು ಬದುಕಿದ ಪರಿಸರದಿಂದಲೇ ಮಾತು ಎತ್ತಿಕೊಳ್ಳುತ್ತದೆ. ನಿಮ್ಮ ತಮ್ಮನ ದನಿಗಳು ಮರಾಠಿಯಲ್ಲಿರುವುದು ನನಗೆ ವಿಚಿತ್ರವೆನಿಸಲಿಲ್ಲ. ಆದರೆ ಒಳಗಿನದನ್ನು ಹೇಳಿಕೊಳ್ಳಲು ಅವನಿಗೆ ಮನೆಮಾತು ಬೇಕಾಗಬಹುದು. 14416 ಟೆಲಿ ಮಾನಸ್ ಸಹಾಯವಾಣಿಯಲ್ಲಿ ದಿನದ ಯಾವ ಹೊತ್ತಿನಲ್ಲೂ, ಕನ್ನಡದಲ್ಲೂ ಮಾತಾಡಬಹುದು, ಖರ್ಚಿಲ್ಲ. ‘ಅಂಥ ದನಿಯೇ ಇಲ್ಲ’ ಎಂದು ಅವನೊಡನೆ ವಾದಕ್ಕಿಳಿಯಬೇಡಿ, ಹೂಂಗುಟ್ಟಲೂ ಬೇಡಿ. ‘ನನಗೆ ಕೇಳಿಸುತ್ತಿಲ್ಲ. ನಿನಗೆ ಕೇಳಿ ಹೆದರಿಕೆಯಾಗುತ್ತಿದೆ ಅನ್ನುವುದು ಗೊತ್ತಾಗುತ್ತದೆ’ ಎಂದರೆ ಸಾಕು. ದನಿಗಳು ಸಾಯಲು ಹೇಳುತ್ತಿವೆಯೇ ಎಂದು ಕೇಳಲು ಅಂಜಬೇಡಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬನನ್ನೇ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನು ಮೈಗಳ್ಳತನ. ಈ ಮಾತಿಗೆ ಮಾತ್ರ ನನಗೆ ಸಿಟ್ಟು ಬರುತ್ತದೆ. ದನಿ, ಸಂಶಯಗಳು ಔಷಧಿಗೆ ತಕ್ಕಮಟ್ಟಿಗೆ ಬಗ್ಗುತ್ತವೆ. ಮನಸ್ಸಿನ ಚಾಲಕಶಕ್ತಿಯೇ ಬತ್ತಿಹೋಗುವುದು, ಮಾತು ಕಡಿಮೆಯಾಗುವುದು, ಸ್ನಾನವೂ ಬೆಟ್ಟ ಹತ್ತಿದಂತಾಗುವುದು, ಇವು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಮನೆಯವರು ಬೇಸತ್ತು ಬೈಯುವುದು ಇವಕ್ಕೇ. ಸದಾ ಟೀಕೆ, ರೇಗಾಟವಿರುವ ಮನೆಗಳಲ್ಲಿ ಕಾಯಿಲೆ ಬೇಗ ಮರುಕಳಿಸುತ್ತದೆ ಎಂಬುದನ್ನು ಲಂಡನ್ನಿನಲ್ಲಿ ಸಂಶೋಧಕ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು ದಶಕಗಳ ಹಿಂದೆಯೇ ಕಂಡುಕೊಂಡರು. ಅಪ್ಪನಿಗೆ ಇದನ್ನು ಓದಿ ಹೇಳಿ. ಮಂಪರು ಔಷಧಿಯದ್ದೂ ಇರಬಹುದು, ಖಿನ್ನತೆಯೂ ಇರಬಹುದು, ವೈದ್ಯರಿಗೆ ತಿಳಿಸಿ. ಈ ತಿಂಗಳು ಅವನು ಎದ್ದು ಮುಖ ತೊಳೆದು ಅಂಗಡಿಯಿಂದ ಹಾಲು ತಂದರೆ ಅಷ್ಟೇ ಸಾಕು. ಡಿಪ್ಲೊಮಾ ಆಮೇಲೆ.

2004ರ ‘ದೇವರಾಯಿ’ ಎಂಬ ಮರಾಠಿ ಸಿನಿಮಾ ಸಿಕ್ಕರೆ ಅಪ್ಪ, ಅವ್ವನನ್ನು ಕೂರಿಸಿಕೊಂಡು ನೋಡಿ. ಸುಮಿತ್ರಾ ಭಾವೆ, ಸುನೀಲ್ ಸುಕ್ಥನಕರ್ ಅವರ ನಿರ್ದೇಶನ. ನಮ್ಮ ಬೆಳಗಾವಿಯಲ್ಲಿ ಹುಟ್ಟಿದ ಅತುಲ್ ಕುಲಕರ್ಣಿ ಸ್ಕಿಜೋಫ್ರೇನಿಯಾ ಇರುವವನಾಗಿ, ಸೋನಾಲಿ ಕುಲಕರ್ಣಿ ಅವನನ್ನು ಸಂಭಾಳಿಸುವ ಸೋದರಿಯಾಗಿ ನಟಿಸಿದ್ದಾರೆ. ಅದರ ಹಿಂದಿದ್ದ ಜಗನ್ನಾಥ ವಾಣಿ ಕೆನಡಾದಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದವರು, ಹೆಂಡತಿಗೆ ಈ ಕಾಯಿಲೆಯಿತ್ತು. ಅವರು ಕಟ್ಟಿದ ಸ್ಕಿಜೋಫ್ರೇನಿಯಾ ಅವೇರ್‌ನೆಸ್ ಅಸೋಸಿಯೇಷನ್ ಇರುವುದು ನಿಮ್ಮ ಪುಣೆಯಲ್ಲೇ. ಅಂಥ ಕಡೆ ಇಂಥದೇ ಮನೆಗಳ ಜನ ಸಿಗುತ್ತಾರೆ. ವೈದ್ಯರ ಹತ್ತು ನಿಮಿಷದಲ್ಲಿ ಆಗದ ಮಾತು ಅವರೊಡನೆ ಆಗುತ್ತದೆ.

ಅಜ್ಜಿಗೆ ಸಮಾಧಾನವಾಗುವುದಾದರೆ ಗಾಣಗಾಪುರಕ್ಕೆ ಹೋಗಿಬನ್ನಿ, ತಮ್ಮನೂ ಒಪ್ಪಿದರೆ. ದತ್ತನ ದರ್ಶನಕ್ಕೂ ಮಾತ್ರೆಗೂ ಜಗಳವಿಲ್ಲ. ಆದರೆ ಔಷಧಿ ತಪ್ಪಬಾರದು, ಉಪವಾಸ ಕೆಡವಬಾರದು, ಗಾಳಿ ಬಿಡಿಸುತ್ತೇವೆಂದು ಯಾರೂ ಮೈಮುಟ್ಟಿ ಹೊಡೆಯಬಾರದು. ಮಾನಸಿಕ ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ.

ಸೋದರಮಾವನ ಮಗಳ ವಿಷಯ ಇಂದೇ ನಿಲ್ಲಿಸಿ. ಮದುವೆಯಿಂದ ಈ ಕಾಯಿಲೆ ವಾಸಿಯಾಗುವುದಿಲ್ಲ. ಹೊಸ ಜವಾಬ್ದಾರಿಯ ಒತ್ತಡಕ್ಕೆ ಕೆರಳಬಹುದು. ಏನೂ ತಿಳಿಯದ ಹುಡುಗಿಯನ್ನು ನರ್ಸ್ ಮಾಡಿ ತರುವುದು ಅನ್ಯಾಯ. ಮುಂದೆ ಅವನು ಚೇತರಿಸಿಕೊಂಡು, ತಾನೇ ಬಯಸಿ, ಎಲ್ಲ ಹೇಳಿ ಮದುವೆಯಾದರೆ ಅದು ಬೇರೆ ಮಾತು. ಹಾಗೆ ಸಂಸಾರ ನಡೆಸುವವರಿದ್ದಾರೆ.

ನಿಮ್ಮ ಮದುವೆಗೆ ಇದು ಅಡ್ಡಿಯಾಗಬೇಕಿಲ್ಲ. ನೋಡಲು ಬಂದವರಿಗೆಲ್ಲ ಹೇಳಬೇಡಿ. ಮಾತು ಮುಂದುವರಿದ ಮೇಲೆ, ನಿಶ್ಚಿತಾರ್ಥಕ್ಕೆ ಮುಂಚೆ, ಹುಡುಗನಿಗೆ ನೀವೇ ಹೇಳಿ. ನಿಮ್ಮ ಮಕ್ಕಳಿಗೆ ಬರುತ್ತದೆಯೇ ಎಂದು ಅವನು ಕೇಳಬಹುದು. ಸೋದರಮಾವನಿಗೆ ಇದ್ದರೆ ಅವನ ಸೋದರಿಯ ಮಕ್ಕಳಿಗೆ ಬರುವ ಸಂಭವ ನೂರಕ್ಕೆ ನಾಲ್ಕರ ಆಸುಪಾಸು ಎಂಬ ಅಂದಾಜಿದೆ. ಉಳಿದ 96 ಜನಕ್ಕೆ ಬರುವುದಿಲ್ಲ. ಇಷ್ಟು ಕೇಳಿಯೇ ಕಾಲ್ತೆಗೆಯುವ ಹುಡುಗ ಮುಂಚೆಯೇ ಹೋದರೆ ಒಳ್ಳೆಯದು. ಒಪ್ಪುವವನು ಬಂದಾಗ, ತಮ್ಮನ ಗತಿಯೇನು ಎಂದು ನಿಲ್ಲಬೇಡಿ. ಅವನ ಔಷಧಿ, ಆಸ್ಪತ್ರೆಯ ತಾರೀಖುಗಳನ್ನೆಲ್ಲ ಈಗ ನೀವೊಬ್ಬರೇ ನೆನಪಿಟ್ಟುಕೊಂಡಿರುವಂತಿದೆ. ಒಂದು ನೋಟ್‌ಬುಕ್ಕಿನಲ್ಲಿ ಬರೆದು ಅಪ್ಪನ ಕೈಗೆ ಕೊಡಿ. ಮುಂದಿನ ಸಲ ವೈದ್ಯರ ಬಳಿ ಅವರೇ ಹೋಗಲಿ.